ಕೆಲಸದ ಇನ್ನೊಂದು ತುದಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಶನಿವಾರ ಮಧ್ಯಾಹ್ನ, ಗ್ರಾಹಕರಿಂದ ವಾಪಸು ಬಂದಿದ್ದ ನೀರೆತ್ತುವ ಪಂಪಿನ ಕವಚವೊಂದನ್ನು ಎರಡಾಗಿ ಕೊಯ್ಯಿಸಿ, ಮೋಲ್ಡಿಂಗ್ ವಿಭಾಗದ ಮೇಜಿನ ಮೇಲೆ ಇಟ್ಟಿದ್ದರು. ಸೀಳಿದ ಕಬ್ಬಿಣದ ಮೈಯಲ್ಲಿ ಹೆಸರುಕಾಳಿನಷ್ಟು ದೊಡ್ಡದಾದ ಒಂದು ತೂತು ಇತ್ತು. ಅದರ ಒಳಗೋಡೆ ನುಣುಪಾಗಿ ಹೊಳೆಯುತ್ತಿತ್ತು. ಹಲವು ವರ್ಷಗಳಿಂದ ಮರಳಿನ ಅಚ್ಚು ಹಾಕುತ್ತಿದ್ದ ಹಿರಿಯ ಕಾರ್ಮಿಕರೊಬ್ಬರು ಕಿರುಬೆರಳಿನ ಉಗುರನ್ನು ಅದರೊಳಗೆ ಇಳಿಸಿ ನೋಡಿ, "ಕೋರಿನ ಗಾಳಿ ಹೊರಗ ಹೋಗಿಲ್ಲರೀ ಸರ್, ವೆಂಟ್ ಮುಚ್ಚೇತಿ" ಎಂದರು. ಕಾದ ಲೋಹ ಅಚ್ಚಿನೊಳಗೆ ಇಳಿದಾಗ ಕೋರಿನಿಂದ, ಅಂದರೆ ಎರಕದ ಒಳಗೆ ಟೊಳ್ಳು ಉಳಿಯಲೆಂದು ಅಚ್ಚಿನಲ್ಲಿ ಕೂರಿಸುವ ಮರಳಿನ ತುಂಡಿನಿಂದ, ಹುಟ್ಟುವ ಅನಿಲಕ್ಕೆ ವೆಂಟ್ ಎಂಬ ಹೊರದಾರಿ ಸಿಗದಿದ್ದರೆ ಅದು ಲೋಹದಲ್ಲೇ ಗುಳ್ಳೆಯಾಗಿ ಉಳಿಯುತ್ತದೆ ಎಂಬುದು ಅವರಿಗೆ ಹೊಸ ವಿಷಯವಾಗಿರಲಿಲ್ಲ. ಆದರೆ ಅಲ್ಲಿಯವರೆಗೆ ಅವರ ಕಣ್ಣಿಗೆ ಬಿದ್ದದ್ದು ಗೋಡೆಯ ಹಲಗೆಯ ಮೇಲೆ ಬರೆದ ರಿಜೆಕ್ಷನ್ ಸಂಖ್ಯೆ ಮಾತ್ರ. ಆ ದಿನ ಮೇಲ್ವಿಚಾರಕರು ಬೈಲಹೊಂಗಲದ ಕಡೆಯಿಂದ ಒಬ್ಬ ಪಂಪ್ ಮೆಕ್ಯಾನಿಕನನ್ನೂ ಕರೆಸಿದ್ದರು. ಅಂಥ ತೂತಿನಿಂದ ನೀರು ಜಿನುಗಿದರೆ ಪಂಪನ್ನು ಬಿಚ್ಚಿ ಊರಿಗೆ ಒಯ್ಯಬೇಕಾಗುತ್ತದೆ, ಅದು ಮರಳಿ ಬರುವವರೆಗೆ ಕಬ್ಬು ಬಿಸಿಲಲ್ಲಿ ನಿಂತಿರುತ್ತದೆ ಎಂದು ಆತ ಹೇಳಿದಾಗ ಮೇಜಿನ ಸುತ್ತ ಯಾರೂ ಮಾತನಾಡಲಿಲ್ಲ. ಅಲ್ಲಿದ್ದವರಲ್ಲಿ ಹೆಚ್ಚಿನವರು ಹೊಲವುಳ್ಳ ಮನೆಗಳಿಂದಲೇ ಬಂದವರು.

ಕೆಲಸದಲ್ಲಿ ಅರ್ಥ ಕಾಣುವುದು ಎಂದರೇನು ಎಂದು ಮನೋವಿಜ್ಞಾನಿಗಳು ಅರ್ಧ ಶತಮಾನದಿಂದ ಅಳೆಯುತ್ತ ಬಂದಿರುವುದರ ತಿರುಳು ಆ ಮೇಜಿನ ಮೇಲೆ ಇತ್ತು ಎಂದು ನನಗೆ ಅನ್ನಿಸುತ್ತದೆ. 1976ರಲ್ಲಿ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ ಮಂಡಿಸಿದ ಮಾದರಿಯ ಪ್ರಕಾರ, ಕೆಲಸ ಅರ್ಥಪೂರ್ಣ ಎನಿಸಲು ಮೂರು ಗುಣಗಳು ಬೇಕು: ಅದರಲ್ಲಿ ಬಗೆಬಗೆಯ ಕೌಶಲಗಳಿಗೆ ಎಡೆಯಿರಬೇಕು, ಮೊದಲಿನಿಂದ ಕೊನೆಯವರೆಗೆ ಒಂದು ಇಡಿಯಾದ ವಸ್ತು ಕೈಯಲ್ಲಿ ರೂಪುಗೊಳ್ಳಬೇಕು, ಮತ್ತು ಅದು ಬೇರೆಯವರ ಬದುಕಿಗೆ ತಾಗಬೇಕು. ಇಳಕಲ್‌ನ ಕೈಮಗ್ಗದಲ್ಲಿ ಮೊದಲೆರಡು ಗುಣಗಳು ತಾವಾಗಿಯೇ ಇವೆ. ಮೈಭಾಗದ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ನೇಕಾರರ ಕಣ್ಣೆದುರೇ ಇಡೀ ಸೀರೆ ಬೆಳೆಯುತ್ತದೆ. ಆದರೆ ಕೂಲಿ ನೇಯ್ಗೆಯಲ್ಲಿ ಮೂರನೆಯದು ಅಲ್ಲಿಯೂ ಕಡಿದುಹೋಗುತ್ತದೆ, ಏಕೆಂದರೆ ನೂಲು ಕೊಟ್ಟ ಮಾಲೀಕರು ಸೀರೆ ಒಯ್ದ ಮೇಲೆ ಅದನ್ನು ಯಾರು ಉಟ್ಟರು, ಯಾವ ಮದುವೆಯಲ್ಲಿ ಉಟ್ಟರು ಎಂಬ ಸುದ್ದಿ ಮಗ್ಗದ ಕುಣಿಯವರೆಗೆ ಮರಳಿ ಬರುವುದಿಲ್ಲ. ಫೌಂಡ್ರಿಯಲ್ಲಂತೂ ಒಬ್ಬರು ಮರಳು ಹದ ಮಾಡುತ್ತಾರೆ, ಒಬ್ಬರು ಕೋರ್ ಕೂರಿಸುತ್ತಾರೆ, ಇನ್ನೊಬ್ಬರು ಅಂಚು ಉಜ್ಜುತ್ತಾರೆ. ಇಡಿಯಾದ ಯಂತ್ರವನ್ನು ಅವರಲ್ಲಿ ಯಾರೂ ನೋಡುವುದಿಲ್ಲ.

ಈ ಕಡಿದ ಎಳೆಯನ್ನು ಮತ್ತೆ ಜೋಡಿಸಿದರೆ ಏನಾಗುತ್ತದೆ? ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಡುತ್ತದೆ. ಅಮೆರಿಕದ ವಿಶ್ವವಿದ್ಯಾಲಯವೊಂದರ ಕಾಲ್ ಸೆಂಟರ್‌ನಲ್ಲಿ ಕುಳಿತು, ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದೇಣಿಗೆ ಕೇಳುವುದು ಅಲ್ಲಿನ ನೌಕರರ ಕೆಲಸ. ದಿನವೂ ಅದೇ ಮಾತು, ಮೇಲಿಂದ ಮೇಲೆ ನಿರಾಕರಣೆ. ಸಂಶೋಧಕರು ಒಂದು ಗುಂಪಿಗೆ, ಆ ಹಣದಿಂದಲೇ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯೊಡನೆ ಕೆಲವೇ ನಿಮಿಷ ಮಾತನಾಡುವ ಅವಕಾಶ ಮಾಡಿಕೊಟ್ಟರು. ಇನ್ನೊಂದು ಗುಂಪಿಗೆ ವಿದ್ಯಾರ್ಥಿ ಬರೆದ ಪತ್ರವನ್ನಷ್ಟೇ ಓದಲು ಕೊಟ್ಟರು. ಒಂದು ತಿಂಗಳ ಬಳಿಕ ನೋಡಿದಾಗ, ಮುಖಾಮುಖಿ ಭೇಟಿಯಾದವರು ಫೋನಿನಲ್ಲಿ ಕಳೆಯುತ್ತಿದ್ದ ಸಮಯ ಶೇ. 142ರಷ್ಟು, ಸಂಗ್ರಹಿಸುತ್ತಿದ್ದ ಹಣ ಶೇ. 171ರಷ್ಟು ಹೆಚ್ಚಿತ್ತು, ಪತ್ರ ಓದಿದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಗ್ರಾಂಟ್ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಮುಖ್ಯಸ್ಥರಿಗೆ ನೇರವಾಗಿ ಸಂಬಂಧಿಸಿದ್ದು: ನಾಯಕರ ಸ್ಫೂರ್ತಿಯ ಮಾತು ಹೆಚ್ಚು ಫಲ ಕೊಟ್ಟದ್ದು, ಆ ಕೆಲಸದಿಂದ ಪ್ರಯೋಜನ ಪಡೆದವರನ್ನು ನೌಕರರು ಕಣ್ಣಾರೆ ಕಂಡಾಗ. ಹಾಗಾಗಿ ವಾರ್ಷಿಕೋತ್ಸವದ ಭಾಷಣಕ್ಕಿಂತ ಪಂಪ್ ಮೆಕ್ಯಾನಿಕನ ಬಸ್ ಚಾರ್ಜು ಹೆಚ್ಚು ಸಾರ್ಥಕವಾದ ಖರ್ಚು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಪ್ರಯೋಜನ ಪಡೆದವರನ್ನು ದಿನವೂ ಕರೆತರಲು ಆಗುವುದಿಲ್ಲ, ನಿಜ. ಉಳಿದ ದಿನಗಳಲ್ಲಿ ಕೆಲಸವನ್ನು ಮೊದಲು ಕಾಣುವ ಕಣ್ಣು ಮುಖ್ಯಸ್ಥರದೇ. ಆ ನೋಟದ ಬೆಲೆ ಎಷ್ಟು ಎಂಬುದನ್ನು ಡಾನ್ ಏರಿಯಲಿ, ಎಮಿರ್ ಕಮೆನಿಕಾ ಮತ್ತು ಡ್ರಾಜೆನ್ ಪ್ರೆಲೆಕ್ 2008ರಲ್ಲಿ ತೋರಿಸಿದರು. ಅಕ್ಷರಗಳು ತುಂಬಿದ ಹಾಳೆಯಲ್ಲಿ ಅಕ್ಕಪಕ್ಕ ಬಂದಿರುವ ನಿರ್ದಿಷ್ಟ ಜೋಡಿಗಳನ್ನು ಗುರುತಿಸುವುದು, ಪ್ರತಿ ಹಾಳೆಗೂ ಇಳಿಯುತ್ತ ಹೋಗುವ ಕೂಲಿ ಪಡೆಯುವುದು, ಸಾಕೆನಿಸಿದಾಗ ಎದ್ದು ಹೋಗುವುದು: ಪ್ರಯೋಗ ಇಷ್ಟೇ. ಕೆಲವರ ಹಾಳೆಯನ್ನು ಒಮ್ಮೆ ಕಣ್ಣಾಡಿಸಿ, ತಲೆಯಾಡಿಸಿ ತೆಗೆದಿಡುತ್ತಿದ್ದರು. ಕೆಲವರದನ್ನು ನೋಡದೆಯೇ ರಾಶಿಗೆ ಸೇರಿಸುತ್ತಿದ್ದರು. ಇನ್ನು ಕೆಲವರದನ್ನು ಅವರೆದುರೇ ಯಂತ್ರಕ್ಕೆ ಹಾಕಿ ಚೂರು ಮಾಡುತ್ತಿದ್ದರು. ಹಾಳೆ ಚೂರಾದವರು ಬೇಗ ಕೈಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಯಾರ ಹಾಳೆಯನ್ನು ನೋಡದೆ ಬದಿಗಿಟ್ಟಿದ್ದರೋ ಅವರ ಸ್ಥಿತಿಯೂ ಹೆಚ್ಚುಕಡಿಮೆ ಅದೇ ಆಗಿತ್ತು. ಅವರ ಹಾಳೆಯನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲವಾದ್ದರಿಂದ ಮೋಸ ಮಾಡಿ ಹೆಚ್ಚು ಗಳಿಸಬಹುದಿತ್ತು. ಆದರೂ ಅವರು ಬೇಗನೆ ಎದ್ದು ಹೋದರು. ನಮ್ಮ ಕಚೇರಿಗಳಲ್ಲಿ ಬೈಗುಳವನ್ನು ಎಲ್ಲರೂ ಕೆಟ್ಟದ್ದೆಂದು ಒಪ್ಪುತ್ತಾರೆ, ಆದರೆ ಮೂರು ದಿನ ಕೂತು ಸಿದ್ಧಪಡಿಸಿದ ವರದಿಯನ್ನು ತೆರೆದೂ ನೋಡದೆ ಕಡತಕ್ಕೆ ಸೇರಿಸುವುದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ಈ ಪ್ರಯೋಗವನ್ನು ಓದಿದ ಮೇಲೆ ಅದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲು ನನಗೆ ಸಾಧ್ಯವಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಬಸವಣ್ಣನವರು ಹುಟ್ಟಿದ, ಐಕ್ಯರಾದ ನೆಲ ನಮ್ಮದು. ಕಾಯಕ ಎಂಬ ಪದ ಇಲ್ಲಿ ಎಲ್ಲರ ನಾಲಿಗೆಯ ಮೇಲಿದೆ, ಸಂಬಳ ಹೆಚ್ಚಿಸಿ ಎಂದು ಕೇಳಿದವರ ಬಾಯಿ ಮುಚ್ಚಿಸಲೂ ಅದು ಬಳಕೆಯಾಗುತ್ತದೆ. ಮೃಗಾಲಯದ ಪಾಲಕರ ಬಗ್ಗೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆ ಕೆಲಸಕ್ಕಾಗಿಯೇ ತಾನು ಹುಟ್ಟಿದವನೆಂದು ಭಾವಿಸಿದವರು ಅದರಲ್ಲಿ ಆಳವಾದ ಅರ್ಥ ಕಂಡದ್ದು ನಿಜವಾದರೂ, ಹಣ ಮತ್ತು ವಿರಾಮವನ್ನು ಬಿಟ್ಟುಕೊಡಲು ಅವರೇ ಹೆಚ್ಚು ಸಿದ್ಧರಿದ್ದರು. ಆಡಳಿತ ಮಂಡಳಿ ಅದರ ಲಾಭ ಪಡೆಯುವ ಅಪಾಯವೂ ಅವರಿಗೇ ಹೆಚ್ಚಾಗಿತ್ತು. ಅರ್ಥ ಕೊಟ್ಟೆವೆಂದು ಕೂಲಿ ಕಡಿತ ಮಾಡುವುದು ಕಾಯಕವಲ್ಲ.

1990ರಲ್ಲಿ ವಿಲಿಯಂ ಕಾನ್, ಜನ ಯಾವಾಗ ಕೆಲಸದಲ್ಲಿ ತಮ್ಮನ್ನು ಪೂರ್ತಿಯಾಗಿ ತೊಡಗಿಸಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿದಾಗ, ಅರ್ಥದ ಜೊತೆಗೆ ದೇಹ ಮನಸ್ಸುಗಳ ಕಸುವನ್ನೂ ನಿರ್ಭಯವನ್ನೂ ಹೆಸರಿಸಿದ್ದರು. ನಿರ್ಭಯದ ಮಾತು ನಮ್ಮ ಫೌಂಡ್ರಿಗೆ ತೀರ ಹತ್ತಿರದ್ದು. ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನ ದಾದಿಯರು ತಪ್ಪನ್ನು ಮುಚ್ಚಿಡುತ್ತಿರಲಿಲ್ಲ ಎಂಬುದು ಅದಕ್ಕೆ ಅವರು ಕಂಡ ಕಾರಣ. ಉದ್ಯಮಬಾಗದ ಆ ಮೇಜಿನ ಬಳಿ, ಹೆಸರುಕಾಳಿನಷ್ಟು ತೂತನ್ನು ನೋಡಿ ಮುಗಿದ ಮೇಲೆ ಕಿರಿಯ ಹುಡುಗನೊಬ್ಬ ಹಿಂದಿನಿಂದ ಕೇಳಿದ ಮೊದಲ ಪ್ರಶ್ನೆ, "ಇದರ ರೊಕ್ಕ ನಮ್ಮ ಪಗಾರದಾಗ ಹಿಡೀತೀರೇನ್ರಿ?" ಎಂಬುದಾಗಿತ್ತು. ಹಿಡಿಯುವುದಿಲ್ಲ ಎಂದು ಮೇಲ್ವಿಚಾರಕರು ಎಲ್ಲರಿಗೂ ಕೇಳುವಂತೆ ಹೇಳಿದರು. ಆಗ ಆ ಹುಡುಗ ಬೆಳಗ್ಗೆ ತಾನು ಮುಚ್ಚಿದ ಅಚ್ಚುಗಳ ಸಾಲಿನ ಕಡೆಗೆ ಕೈ ತೋರಿಸಿ, ಎರಕ ಹೊಯ್ಯುವ ಮೊದಲು ಅವುಗಳಲ್ಲಿ ಎರಡನ್ನು ಬಿಚ್ಚಿ ನೋಡಬೇಕು ಎಂದ.