ಗಾಳದ ರೀಲಿನ ಹ್ಯಾಂಡಲ್ ಹಿಂದಕ್ಕೆ ಓಡುತ್ತಿದೆಯೇ? ಹೊಸ ರೀಲ್ ಕೊಳ್ಳುವ ಮೊದಲು ಗ್ರೀಸ್ ಒರೆಸಿ

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇನೆ, ಜುವಾರಿ ನದಿಯಲ್ಲಿ ಚೊಣಕ್ ಮೀನಿಗೆ ಗಾಳ ಹಾಕುತ್ತೇನೆ. ಮಳೆಗಾಲದಲ್ಲಿ ಮೂಲೆ ಸೇರಿದ್ದ 4000 ಸೈಜಿನ ಸ್ಪಿನ್ನಿಂಗ್ ರೀಲ್ ಬಿಚ್ಚಿ, ಎಲ್ಲ ಕಡೆ ಚೆನ್ನಾಗಿ ಗ್ರೀಸ್ ಹಾಕಿ ಜೋಡಿಸಿದೆ. ಈಗ ಮೀನು ಎಳೆದಾಗ ಹ್ಯಾಂಡಲ್ ಒಮ್ಮೊಮ್ಮೆ ಹಿಂದಕ್ಕೆ ಓಡುತ್ತದೆ, ಒಮ್ಮೊಮ್ಮೆ ಗಟ್ಟಿಯಾಗಿ ನಿಲ್ಲುತ್ತದೆ. ಹೊಸ ರೀಲೇ ಗತಿಯಾ?

ಉತ್ತರ: ಬಹುಶಃ ಬೇಕಾಗುವುದಿಲ್ಲ. ‘ಎಲ್ಲ ಕಡೆ ಚೆನ್ನಾಗಿ ಗ್ರೀಸ್’ ಎಂದಿರಲ್ಲ, ಮೊದಲ ಅನುಮಾನ ಅದರ ಮೇಲೆಯೇ. ಗೇರಿಗೆ ಗ್ರೀಸ್ ಬೇಕು. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಆಂಟಿ ರಿವರ್ಸ್ ಕ್ಲಚ್‌ಗೆ ಮಾತ್ರ ಅದು ಆಗಿಬರುವುದಿಲ್ಲ.

ಈಗಿನ ರೀಲುಗಳಲ್ಲಿ ಈ ಕ್ಲಚ್, ತಿರುಗುತ್ತ ದಾರ ಸುತ್ತುವ ರೋಟರಿನ ಕೆಳಗೆ, ಆ ರೋಟರನ್ನು ತಿರುಗಿಸುವ ಪಿನಿಯನ್ ಗೇರಿನ ಸುತ್ತ ಕೂತಿರುತ್ತದೆ. ನಡುವೆ ನುಣುಪಾದ ಉಕ್ಕಿನ ಸ್ಲೀವ್ (ಕೊಳವೆ), ಅದರ ಸುತ್ತ ಸಣ್ಣ ಸಣ್ಣ ರೋಲರ್‌ಗಳು, ಪ್ರತಿ ರೋಲರಿನ ಬೆನ್ನಿಗೆ ಕಣ್ಣಿಗೆ ಕಾಣಲೂ ಕಷ್ಟವಾದಷ್ಟು ತೆಳು ಸ್ಪ್ರಿಂಗ್. ರೋಲರ್ ಕೂರುವ ಜಾಗ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ದಾರ ಸುತ್ತುವಾಗ ರೋಲರ್‌ಗಳು ಅಗಲದ ಕಡೆ ಸರಿದು ಸಲೀಸಾಗಿ ಉರುಳುತ್ತವೆ. ಹಿಂದಕ್ಕೆ ತಿರುಗಿಸಹೊರಟರೆ ಸ್ಪ್ರಿಂಗ್ ಅವನ್ನು ಕಿರಿದಾದ ಕಡೆ ತಳ್ಳುತ್ತದೆ, ಅವು ಸ್ಲೀವನ್ನು ಕಚ್ಚಿ ಹಿಡಿಯುತ್ತವೆ. ಅಷ್ಟು ತೆಳು ಸ್ಪ್ರಿಂಗ್‌ಗೆ ದಪ್ಪ ಗ್ರೀಸಿನೊಳಗೆ ರೋಲರ್ ತಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಒಣಗಿದ ಉಪ್ಪು ಸೇರಿದರೂ ಇದೇ ಗತಿ. ಪುಣೆಯ ಕಡೆ ಡಿಸೆಂಬರಿನಲ್ಲಿ ಮುಳಶಿ ಹಿನ್ನೀರಿಗೆ ಬೆಳಗಿನ ಜಾವ ಹೋದವರ ರೀಲ್ ಜಾರಿ, ಬಿಸಿಲೇರಿದ ಮೇಲೆ ತಾನಾಗಿ ಸರಿಹೋದರೆ ಚಳಿಗೆ ಗಟ್ಟಿಯಾದ ಗ್ರೀಸೇ ಕಾರಣ ಎನ್ನಬಹುದು.

ಬಿಚ್ಚುವ ಮೊದಲು ದೋಷ ಕ್ಲಚ್ಚಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಹ್ಯಾಂಡಲ್ ನಿಂತಲ್ಲೇ ಇದ್ದು ದಾರ ಸುತ್ತಿರುವ ಸ್ಪೂಲ್ ಮಾತ್ರ ತಿರುಗಿದರೆ ಅದು ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕ್. ರೋಟರ್ ಅಲುಗದೆ ಹ್ಯಾಂಡಲ್ ಮಾತ್ರ ಚೂರು ಆಡಿದರೆ ಹ್ಯಾಂಡಲ್ ಸ್ಕ್ರೂ ಸಡಿಲ, ಇಲ್ಲವೇ ಗೇರಿನ ಸವೆತ. ರೋಟರನ್ನೇ ಕೈಯಲ್ಲಿ ಹಿಡಿದು ಹಿಂದಕ್ಕೆ ತಿರುಗಿಸಿ ನೋಡಿ. ಒಂದಿಷ್ಟು ಮುಂದೆ ಸುತ್ತಿ ಮತ್ತೆ ಹಿಂದಕ್ಕೆ, ಹೀಗೆ ಇಪ್ಪತ್ತು ಸಲ. ಮೆಲ್ಲಗೂ ತಿರುಗಿಸಿ, ಝಟ್ಟನೆಯೂ ಎಳೆಯಿರಿ. ನಡುನಡುವೆ ಜಾರಿದರೆ ಕ್ಲಚ್ ತೆಗೆಯಲೇಬೇಕು. ಹೊಟ್ಟೆಯಡಿ ಈ ಕ್ಲಚ್ಚಿನ ಆನ್-ಆಫ್ ಸ್ವಿಚ್ ಇರುವ ರೀಲಾದರೆ ಅದು ಅರ್ಧದಲ್ಲಿ ನಿಂತಿಲ್ಲವೇ ನೋಡಿ. ಎಷ್ಟೋ ‘ಕೆಟ್ಟ’ ರೀಲುಗಳು ಇಲ್ಲೇ ಸರಿಹೋಗುತ್ತವೆ.

ಬಿಳಿ ಬಟ್ಟೆ ಹಾಸಿ, ಹೆಜ್ಜೆಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯುತ್ತ ಬಿಚ್ಚಿ. ಮೊದಲು ಸ್ಪೂಲ್, ಅದರ ಕೆಳಗಿನ ತೆಳು ವಾಷರ್‌ಗಳು ಎಷ್ಟು, ಯಾವ ಕ್ರಮದಲ್ಲಿ ಇದ್ದವು ಎಂಬುದು ಫೋಟೋದಲ್ಲಿ ಬರಲಿ. ಆಮೇಲೆ ರೋಟರ್ ನಟ್ಟಿಗೆ ಅಡ್ಡಲಾಗಿರುವ ಪುಟ್ಟ ಸ್ಕ್ರೂ ಮತ್ತು ತಗಡು, ನಂತರ ನಟ್ಟು. ಕೆಲವು ರೀಲುಗಳಲ್ಲಿ ಈ ನಟ್ಟಿಗೆ ಉಲ್ಟಾ ತಿರುಪು (ಥ್ರೆಡ್) ಇರುತ್ತದೆ. ಒಂದು ಕಡೆಗೆ ಬಾರದಿದ್ದರೆ ಬಲ ಹಾಕಬೇಡಿ, ಇನ್ನೊಂದು ಕಡೆಗೆ ಪ್ರಯತ್ನಿಸಿ. ರೋಟರ್ ಎತ್ತಿದರೆ ಕ್ಲಚ್ಚನ್ನು ಹಿಡಿದ ಸಣ್ಣ ಸ್ಕ್ರೂಗಳು ಕಾಣುತ್ತವೆ. ಡೈವಾ ಕಂಪನಿಯ ಮ್ಯಾಗ್‌ಸೀಲ್ಡ್ (ಕಾಂತೀಯ ಎಣ್ಣೆಯಿಂದ ನೀರು ತಡೆಯುವ) ರೀಲಾದರೆ ಇಲ್ಲಿಯವರೆಗೆ ಬರಲೇಬೇಡಿ. ಅದರ ಕಾಂತೀಯ ಎಣ್ಣೆ ಒರೆಸಿಹೋದರೆ ಮನೆಯಲ್ಲಿ ತುಂಬಲಾಗದು, ಸರ್ವಿಸ್‌ಗೆ ಕೊಡಿ.

ಹೊರಬಂದ ಕ್ಲಚ್ಚಿನ ರೋಲರ್‌ಗಳನ್ನು ಬಿಡಿಸಬೇಡಿ. ಒಂದು ಸ್ಪ್ರಿಂಗ್ ಹಾರಿದರೆ ನೆಲ ಗುಡಿಸಿದರೂ ಸಿಗುವುದಿಲ್ಲ. ಇಡೀ ಕ್ಲಚ್ಚನ್ನು ಸ್ಟೀಲ್ ಬಟ್ಟಲಿನಲ್ಲಿ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ, ಮೆತ್ತನೆಯ ಬ್ರಷ್‌ನಿಂದ ಅಲುಗಾಡಿಸಿ, ದ್ರವ ಬದಲಿಸಿ ಮತ್ತೊಮ್ಮೆ ತೊಳೆಯಿರಿ. ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಈ ಆಲ್ಕೊಹಾಲ್ ಸಿಗುತ್ತದೆ. ಮುಂಬೈಯವರು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೇಳಬಹುದು. ಬೆಂಕಿಯ ಹತ್ತಿರ ಬೇಡ, ಕಿಟಕಿ ತೆರೆದಿರಲಿ. ತಿನ್ನರ್, ಪೆಟ್ರೋಲ್ ಬೇಡ, ರೋಲರ್ ಹಿಡಿದ ಚೌಕಟ್ಟು ಪ್ಲಾಸ್ಟಿಕ್ ಆಗಿರಬಹುದು. ತುಕ್ಕು ಬಿಡಿಸುವ ಸ್ಪ್ರೇಯನ್ನು ಹೊರಗಿನಿಂದ ಹೊಡೆದರೆ ಒಂದೆರಡು ದಿನ ಸರಿಹೋದಂತೆ ಕಂಡೀತು. ಕರಗಿದ ಗ್ರೀಸ್ ಮಾತ್ರ ಮತ್ತೆ ಕ್ಲಚ್ಚಿಗೇ ಇಳಿಯುತ್ತದೆ.

ಸ್ಲೀವನ್ನು ಒರೆಸಿ ಉಗುರು ಎಳೆದು ನೋಡಿ. ಗೀರು, ತುಕ್ಕಿನ ಗುಂಡಿ ಉಗುರಿಗೆ ತಾಗಿದರೆ ಸ್ಲೀವ್ ಬದಲಿಸಬೇಕು. ಎಲ್ಲ ಒಣಗಿದ ಮೇಲೆ ತೆಳು ರೀಲ್ ಎಣ್ಣೆಯ ಒಂದೇ ಹನಿಯನ್ನು ಸೂಜಿಯ ತುದಿಯಿಂದ ರೋಲರ್‌ಗಳಿಗೆ ಮುಟ್ಟಿಸಿ. ಉಪ್ಪುನೀರಿನ ರೀಲಿಗೆ ಒಣಗಿಸಿಯೇ ಬಿಟ್ಟರೆ ತುಕ್ಕು ಬರುತ್ತದೆ, ಎರಡನೆಯ ಹನಿ ಹಾಕಿದರೆ ಮತ್ತೆ ಜಾರಬಹುದು. ಸ್ಲೀವನ್ನು ಒತ್ತಿ ತುರುಕದೆ, ಕ್ಲಚ್ ಸಲೀಸಾಗಿ ತಿರುಗುವ ದಿಕ್ಕಿಗೆ ತಿರುಗಿಸುತ್ತ ಇಳಿಸಿ. ರೀಲಿಗೆ ಜೋಡಿಸುವ ಮೊದಲೇ ಬೆರಳಿನಲ್ಲಿ ಪರೀಕ್ಷಿಸಿ: ಒಂದು ಕಡೆ ಸಡಿಲ, ಇನ್ನೊಂದು ಕಡೆ ಕಲ್ಲು. ಜೋಡಿಸಿದ ಮೇಲೆ ಹ್ಯಾಂಡಲ್ ಮುಂದಕ್ಕೇ ತಿರುಗದಿದ್ದರೆ ಕ್ಲಚ್ ತಲೆಕೆಳಗಾಗಿ ಕೂತಿದೆ.

ತೊಳೆದರೂ ಬೆರಳಿನಲ್ಲೇ ಜಾರಿತೇ? ಸ್ಪ್ರಿಂಗ್ ಸೋತಿವೆ ಅಥವಾ ರೋಲರ್ ಸವೆದಿವೆ. ಇಡೀ ಕ್ಲಚ್ ಬದಲಿಸಿ. ಬೇರಿಂಗ್ ಅಂಗಡಿಯಲ್ಲಿ ಅಳತೆ ಹೊಂದಿಸುವ ಸಾಹಸ ಹೆಚ್ಚಿನ ಸಲ ವ್ಯರ್ಥ, ಹೊರಕವಚದ ಆಕಾರ ಮಾಡೆಲಿನಿಂದ ಮಾಡೆಲಿಗೆ ಬೇರೆ. ರೀಲಿನ ಜೊತೆ ಬಂದ ಬಿಡಿಭಾಗಗಳ ಚಿತ್ರದಲ್ಲಿನ ಸಂಖ್ಯೆ ಕೊಟ್ಟು ತರಿಸಿ.

ಹಿಂದಕ್ಕೆ ಎಳೆದಾಗ ಕಾಲು ಸುತ್ತು ಆಡಿ ‘ಟಕ್’ ಎಂದು ನಿಲ್ಲುವ ಹಳೆಯ ರೀಲುಗಳ ಕಥೆ ಬೇರೆ. ಅವುಗಳಲ್ಲಿ ಇರುವುದು ಸೈಕಲ್ಲಿನ ಫ್ರೀವೀಲ್‌ನಂತೆ ಹಲ್ಲಿನ ಚಕ್ರ ಮತ್ತು ಕೊಕ್ಕೆ. ಕೊಕ್ಕೆಯ ತಂತಿ ಸ್ಪ್ರಿಂಗ್ ಬಾಗಿದೆಯೇ, ತುದಿ ಸವೆದು ಗುಂಡಗಾಗಿದೆಯೇ, ಅಷ್ಟು ನೋಡಿದರೆ ಸಾಕು.

ರಿಪೇರಿಗೆ ಮೊದಲೇ ದೊಡ್ಡ ಚೊಣಕ್ ಕಚ್ಚಿದರೆ ಹಿಂದಕ್ಕೆ ಓಡುವ ಹ್ಯಾಂಡಲಿಗೆ ಬೆರಳು ಒಡ್ಡಬೇಡಿ, ಗೆಣ್ಣು ಜಜ್ಜಿಹೋಗುತ್ತದೆ. ಡ್ರ್ಯಾಗ್ ಸಡಿಲಿಸಿ, ಅಂಗೈಯಿಂದ ರೋಟರನ್ನು ಒತ್ತಿ ನಿಲ್ಲಿಸಿ, ಆಮೇಲೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡೇ ಸುತ್ತಿ. ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರು ಚಿಮುಕಿಸಿ ಒರೆಸಿ. ಬಕೆಟ್ಟಿನಲ್ಲಿ ಮುಳುಗಿಸಿದರೆ, ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಹೊರಗಿನ ಉಪ್ಪು ರೋಟರಿನಡಿಗೆ, ಅಲ್ಲಿಂದ ಕ್ಲಚ್ಚಿಗೆ ಹೋಗುತ್ತದೆ.