ತಪಾಸಣೆ ಮುಗಿದ ಮೇಲೆ ಶುರುವಾಗುವ ಕೆಲಸ

1902ರಲ್ಲಿ ನ್ಯೂಯಾರ್ಕ್‌ನ ಬಡ ಬಡಾವಣೆಗಳ ಶಾಲೆಗಳಲ್ಲಿ ವೈದ್ಯರು ಮಕ್ಕಳನ್ನು ನೋಡಿ, ಹೇನು, ಕಜ್ಜಿ, ಕಣ್ಣುಬೇನೆ ಇದ್ದವರನ್ನು ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಔಷಧಿ ಹಚ್ಚುವವರಿಲ್ಲ, ಮಗು ಶಾಲೆಗೆ ಬರುವಂತೆಯೂ ಇಲ್ಲ. ಆ ಅಕ್ಟೋಬರಿನಲ್ಲಿ ಲೀನಾ ರೋಜರ್ಸ್ ಎಂಬ ನರ್ಸ್‌ಗೆ ನಾಲ್ಕು ಶಾಲೆಗಳನ್ನು ವಹಿಸಿದರು. ಅವರು ಶಾಲೆಯಲ್ಲೇ ಔಷಧಿ ಹಚ್ಚಿದರು, ಮನೆಗೆ ಹೋಗಿ ತಾಯಂದಿರಿಗೆ ಮಾಡಿ ತೋರಿಸಿದರು. ಮಕ್ಕಳು ತರಗತಿಗೆ ಮರಳತೊಡಗಿದಾಗ ನಗರಾಡಳಿತ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿಕೊಂಡಿತು.

ನಮ್ಮ ಸರ್ಕಾರಿ ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ವರ್ಷಕ್ಕೊಮ್ಮೆ ಬರುತ್ತದೆ. ದೋಷ ಪತ್ತೆಯಾಗುವುದು ಆ ಒಂದು ದಿನ. ಮಗು ಗುಣವಾಗುವುದು ಉಳಿದ ದಿನಗಳಲ್ಲಿ, ಸಿಸ್ಟರ್ ಮತ್ತೆ ಬಂದು ವಿಚಾರಿಸಿದರೆ ಮಾತ್ರ.

ಕಣ್ಣಿನ ಪರೀಕ್ಷೆಯನ್ನೇ ನೋಡಿ. 6 ಮೀಟರ್ ದೂರದಿಂದ ಓದಿಸುವ ಅಕ್ಷರಪಟ್ಟಿಯಾದರೆ ಆ ದೂರವನ್ನು ಟೇಪಿನಿಂದ ಅಳೆದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಬೇಕು, ಹೆಜ್ಜೆ ಲೆಕ್ಕ ಸಾಲದು. ಪಟ್ಟಿಯ ಹಿಂದೆ ಕಿಟಕಿ ಇದ್ದರೆ ಒಳ್ಳೆಯ ಕಣ್ಣಿನ ಮಗುವೂ ತಡವರಿಸುತ್ತದೆ. ಕಣ್ಣನ್ನು ಅಂಗೈಯಿಂದ, ಒತ್ತದೆ ಮುಚ್ಚಿಸಿ. ಬೆರಳಿನಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ. ಒತ್ತಿ ಮುಚ್ಚಿದ ಕಣ್ಣು ತೆರೆದಾಗ ಕೆಲ ಹೊತ್ತು ಮಸುಕಾಗಿರುತ್ತದೆ, ಎರಡನೇ ಕಣ್ಣಿನ ಫಲಿತಾಂಶ ಕೆಡುತ್ತದೆ. ಸಾಲಿನಲ್ಲಿ ಹಿಂದೆ ನಿಂತವರು ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ, ಹಾಗಾಗಿ ಇಂಗ್ಲಿಷಿನ ‘E’ ಅಕ್ಷರವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಬರೆದ ಪಟ್ಟಿ ಹಿಡಿದು ಅದರ ಕಡ್ಡಿಗಳು ಯಾವ ಕಡೆಗಿವೆ ಎಂದು ಕೈಯಲ್ಲಿ ತೋರಿಸಲು ಹೇಳುವುದು ಮೇಲು. ಪಟ್ಟಿಯಲ್ಲಿ 6/9 ಎಂದು ಗುರುತಿಸಿದ ಸಾಲನ್ನು ಓದಲಾಗದವರನ್ನು ನೇತ್ರಾಧಿಕಾರಿಯ ಬಳಿ ಕಳಿಸಿ. ಕನ್ನಡಕ ಬಂದು ತಿಂಗಳಾದ ಮೇಲೆ ಹೋಗಿ, ಅದು ಮೂಗಿನ ಮೇಲಿದೆಯೋ ಚೀಲದಲ್ಲಿದೆಯೋ ನೋಡಿ. ಸಹಪಾಠಿಗಳು ರೇಗಿಸುತ್ತಾರೆಂದು ಚೀಲದಲ್ಲೇ ಉಳಿದ ಕನ್ನಡಕಗಳು ಬಹಳ.

ರಕ್ತಹೀನತೆ ತಡೆಯಲು 6ನೇ ತರಗತಿಯಿಂದ ಮೇಲಿನವರಿಗೆ ವಾರಕ್ಕೊಂದು ನೀಲಿ ಮಾತ್ರೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಕಿರಿಯರಿಗೆ ಗುಲಾಬಿ ಮಾತ್ರೆ, 45 ಮತ್ತು 400. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ. ಒಂದು ಮಗು ವಾಂತಿ ಮಾಡಿಕೊಂಡರೆ ಇಡೀ ತರಗತಿ ಹೆದರಿ ಮಾತ್ರೆ ಬೇಡವೆನ್ನುತ್ತದೆ. ಬೆಳಗಿನ ಹಾಲಿನ ಜೊತೆ ಬೇಡ, ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬಿಸಿಯೂಟವಾಗಿ ಸ್ವಲ್ಪ ಹೊತ್ತಿನ ನಂತರ, ಕಣ್ಣೆದುರೇ ನುಂಗಿಸಿ. ಮಲ ಕಪ್ಪಾಗುತ್ತದೆ, ಅದರಿಂದ ತೊಂದರೆಯಿಲ್ಲ ಎಂದು ಮೊದಲೇ ತಿಳಿಸಿಬಿಡಿ.

ಕಜ್ಜಿ ಮರುಕಳಿಸಿದರೆ ಬೈಗುಳ ಬೀಳುವುದು ಮಗುವಿಗೆ, ಅದು ಅನ್ಯಾಯ. ಮಗುವೊಂದಕ್ಕೇ ಮುಲಾಮು ಹಚ್ಚಿ, ರಾತ್ರಿ ಜೊತೆಗೆ ಮಲಗುವ ತಂಗಿಯನ್ನು ಬಿಟ್ಟರೆ ಕಜ್ಜಿಯ ಹುಳು ಮತ್ತೆ ಬಂದೇ ಬರುತ್ತದೆ. 5 ಶೇಕಡಾ ಪರ್ಮೆಥ್ರಿನ್ ಮುಲಾಮು ಆದರೆ ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ, ಬೆರಳ ಸಂದಿ ಬಿಡದೆ ಹಚ್ಚಿಕೊಂಡು ಬೆಳಿಗ್ಗೆ ತೊಳೆಯಬೇಕು, ವಾರದ ನಂತರ ಮತ್ತೊಮ್ಮೆ. ಕೈಗೂಸಿಗೆ ಮಾತ್ರ ವೈದ್ಯರನ್ನು ಕೇಳಿಯೇ ಹಚ್ಚಿ. ಹುಳು ಸತ್ತರೂ ತುರಿಕೆ ಎರಡು-ಮೂರು ವಾರ ಉಳಿಯುತ್ತದೆ. ಇದನ್ನು ಹೇಳದಿದ್ದರೆ ಔಷಧಿ ಕೆಲಸ ಮಾಡಲಿಲ್ಲವೆಂದು ಮನೆಯವರು ದಿನವೂ ಹಚ್ಚುತ್ತಾರೆ, ಚರ್ಮ ಉರಿಯುತ್ತದೆ.

ಇಷ್ಟಕ್ಕೂ ಬೇಕಾದದ್ದು ಒಂದು ರಿಜಿಸ್ಟರ್: ಮಗುವಿನ ಹೆಸರು, ತೊಂದರೆ, ಎಲ್ಲಿಗೆ ಕಳಿಸಿದ್ದು, ಹೋದರೋ ಇಲ್ಲವೋ, ಹೋಗದಿದ್ದರೆ ಏಕೆ. ಕೊನೆಯ ಕಾಲಮ್ಮಿನಲ್ಲಿ ‘ಅಮ್ಮನಿಗೆ ಕೂಲಿ ತಪ್ಪುತ್ತದೆ’, ‘ಬಸ್ಸಿಲ್ಲ’ ಎಂದು ಇದ್ದದ್ದನ್ನೇ ಬರೆಯಿರಿ. ಒಂದೇ ಊರಿನ ಐದು ಹೆಸರುಗಳ ಮುಂದೆ ‘ಬಸ್ಸಿಲ್ಲ’ ಎಂದಿದ್ದರೆ, ಆ ಐವರನ್ನೂ ಒಟ್ಟಿಗೆ ಕರೆದೊಯ್ಯಲು ವಾಹನ ಕೊಡಿ ಎಂದು ವೈದ್ಯಾಧಿಕಾರಿಯ ಮುಂದೆ ಆ ಪುಟವನ್ನೇ ಇಡಬಹುದು.