ಒಂದೇ ತಂತಿಯ ನೆರೆಹೊರೆ

ವಿದ್ಯುತ್ ಉಪಕರಣಗಳು ಮಾರುಕಟ್ಟೆಗೆ ಬರುವ ಮುನ್ನ ಎದುರಿಸುವ ಪರೀಕ್ಷೆಗಳಲ್ಲಿ ಎರಡು ನನಗೆ ಬಹಳ ಇಷ್ಟ. ಒಂದು ಹಾರ್ಮೋನಿಕ್ಸ್ ಪರೀಕ್ಷೆ, ಉಪಕರಣ ಎಳೆಯುವ ಕರೆಂಟ್‌ನ ಆಕಾರ ಎಷ್ಟು ವಕ್ರ ಎಂದು ನೋಡುವಂಥದ್ದು. ಇನ್ನೊಂದು ಫ್ಲಿಕರ್ ಪರೀಕ್ಷೆ, ಉಪಕರಣದಿಂದ ವೋಲ್ಟೇಜ್ ಅಲುಗಿ ದೀಪಗಳು ಎಷ್ಟು ಮಿನುಗುತ್ತವೆ ಎಂದು ನೋಡುವಂಥದ್ದು. ಎರಡನ್ನೂ ಒಂದೇ ಮೇಜಿನ ಮೇಲೆ ನಡೆಸಬಹುದು. ಆದರೆ ಮೊದಲನೆಯದಕ್ಕೆ ಕಳಂಕವಿಲ್ಲದ ವಿದ್ಯುತ್ ಬೇಕು, ಎರಡನೆಯದಕ್ಕೆ ಬೇಕೆಂದೇ ಸೊರಗಿಸಿದ ತಂತಿ ಬೇಕು. ಉಪಕರಣ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ ಎಂಬ ವಿಚಾರ ಎರಡಕ್ಕೂ ಬೇಡ. ಅದೇ ತಂತಿಯಿಂದ ವಿದ್ಯುತ್ ಪಡೆಯುತ್ತಿರುವ ಪಕ್ಕದ ಮನೆಗೆ ಅದರಿಂದ ಏನು ತೊಂದರೆ ಎಂಬುದೇ ಅವುಗಳ ಪ್ರಶ್ನೆ.

ಸಾಕೆಟ್‌ಗೆ ಬರುವ ವೋಲ್ಟೇಜ್ ಸೆಕೆಂಡಿಗೆ 50 ಬಾರಿ, ಕೆಲವು ದೇಶಗಳಲ್ಲಿ 60 ಬಾರಿ, ನಯವಾದ ಅಲೆಯಾಗಿ ಏರಿಳಿಯುತ್ತದೆ. ನೀರು ಕಾಯಿಸುವ ಹೀಟರ್ ಈ ಅಲೆಯ ಆಕಾರದಲ್ಲಿಯೇ ಕರೆಂಟ್ ಎಳೆಯುತ್ತದೆ. ಟಿವಿ, ಕಂಪ್ಯೂಟರ್‌ಗಳ ಒಳಗಿನ ಸರಳ ಪವರ್ ಸಪ್ಲೈ ಹಾಗಲ್ಲ. ಅದರಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ರೆಕ್ಟಿಫೈಯರ್‌ನ ಹಿಂದೆ, ವಿದ್ಯುತ್ ಕೂಡಿಟ್ಟುಕೊಳ್ಳುವ ಒಂದು ದೊಡ್ಡ ಕೆಪಾಸಿಟರ್ ತುಂಬಿಕೊಂಡು ಕುಳಿತಿರುತ್ತದೆ. ಅಲೆ ತನ್ನ ನೆತ್ತಿಯ ಹತ್ತಿರ ಬಂದಾಗ ಮಾತ್ರ ಕೆಪಾಸಿಟರ್‌ಗಿಂತ ಎತ್ತರದಲ್ಲಿರುತ್ತದೆ, ಕರೆಂಟ್ ಒಳಗೆ ಹೋಗುವುದು ಆಗ ಮಾತ್ರ. 10 ಮಿಲಿಸೆಕೆಂಡಿನ ಅರ್ಧ ಅಲೆಯಲ್ಲಿ ಎರಡು ಮೂರು ಮಿಲಿಸೆಕೆಂಡು ಗಬಗಬನೆ ಕುಡಿದು, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ಆಸಿಲೋಸ್ಕೋಪ್‌ನ ಪರದೆಯಲ್ಲಿ ನೋಡಿದರೆ ಉದ್ದಕ್ಕೆ ಮಲಗಿದ ಗೆರೆ, ನಡುವೆ ಸಟಕ್ಕನೆ ಎದ್ದ ಮೊಳೆ, ಮತ್ತೆ ಮಲಗಿದ ಗೆರೆ.

ಈ ಮೊಳೆಯನ್ನು ಅಳೆಯುವ ದಾರಿಯನ್ನು ಫ್ರೆಂಚ್ ಗಣಿತಜ್ಞ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ಶಾಖದ ಕುರಿತ ಗ್ರಂಥದಲ್ಲಿ ಕಾಣಬಹುದು. ಮತ್ತೆ ಮತ್ತೆ ಮರುಕಳಿಸುವ ಆಕಾರ ಎಷ್ಟೇ ವಕ್ರವಾಗಿದ್ದರೂ ಅದನ್ನು ನಯವಾದ ಅಲೆಗಳ ಮೊತ್ತವಾಗಿ ಬಿಡಿಸಬಹುದು. 50 ಹರ್ಟ್ಸ್‌ನ ಮೂಲ ಅಲೆ, ಅದರ ಮೇಲೆ 150, 250, 350 ಹೀಗೆ ಗುಣಕಗಳಲ್ಲಿ ಬರುವ ಅಲೆಗಳು. ಇವೇ ಹಾರ್ಮೋನಿಕ್‌ಗಳು. ಪರೀಕ್ಷೆ 40ನೆಯದರವರೆಗೆ, ಅಂದರೆ 2000 ಹರ್ಟ್ಸ್‌ವರೆಗೆ, ಒಂದೊಂದನ್ನೂ ಬೇರೆಯಾಗಿ ತೂಗುತ್ತದೆ.

ಇವುಗಳಲ್ಲಿ ಮೂರನೆಯದು ಬಹಳ ಕಾಟ ಕೊಡುತ್ತದೆ. ಊರಿಗೆ ವಿದ್ಯುತ್ ಬರುವುದು ಮೂರು ಫೇಸ್ ತಂತಿಗಳಲ್ಲಿ, ಕರೆಂಟ್ ಮರಳಲು ಇರುವುದು ಒಂದು ನ್ಯೂಟ್ರಲ್ ತಂತಿ. ಮೂರು ಫೇಸ್‌ಗಳ ಕರೆಂಟ್‌ಗಳು ಸಮನಾಗಿದ್ದರೆ ನ್ಯೂಟ್ರಲ್ ತಂತಿಯಲ್ಲಿ ಮೂಲ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಅವುಗಳ ನಡುವೆ ಇರುವುದು 120 ಡಿಗ್ರಿ ಅಂತರ. ಮೂರನೆಯ ಹಾರ್ಮೋನಿಕ್‌ಗೆ ಆ ಅಂತರ ಮೂರು ಪಟ್ಟಾಗಿ 360 ಡಿಗ್ರಿ ಆಗುತ್ತದೆ, ಎಂದರೆ ಅಂತರವೇ ಇಲ್ಲದಂತಾಗುತ್ತದೆ. ಅಳಿಯಬೇಕಾದದ್ದು ಕೂಡಿಕೊಳ್ಳುತ್ತದೆ. ತೀರಾ ಮೊಳೆಯಾಕಾರದ ಕರೆಂಟ್‌ಗಳಿದ್ದಾಗ ನ್ಯೂಟ್ರಲ್‌ನಲ್ಲಿ ಫೇಸ್ ತಂತಿಯ 1.73 ಪಟ್ಟು ಕರೆಂಟ್ ಹರಿಯಬಹುದು. ಖಾಲಿ ಇರಬೇಕೆಂದು ಎಣಿಸಿದ ತಂತಿಯೇ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುತ್ತದೆ.

ಒಂದು ಫೇಸ್‌ಗೆ 16 ಆಂಪಿಯರ್‌ವರೆಗೆ ಎಳೆಯುವ ಉಪಕರಣಗಳಿಗೆ ಐಇಸಿ 61000-3-2 ಎಂಬ ಅಂತರರಾಷ್ಟ್ರೀಯ ಮಾನದಂಡ ಮಿತಿಗಳನ್ನು ಹಾಕಿದೆ. ಅದರಲ್ಲಿ ಉಪಕರಣಗಳಿಗೆ ನಾಲ್ಕು ವರ್ಗಗಳಿವೆ. ಟಿವಿ ಬರುವ ಡಿ ವರ್ಗದಲ್ಲಿ ಮೂರನೆಯ ಹಾರ್ಮೋನಿಕ್‌ಗೆ ವ್ಯಾಟ್‌ಗೆ 3.4 ಮಿಲಿಆಂಪಿಯರ್ ಮಿತಿ. 100 ವ್ಯಾಟ್‌ನ ಟಿವಿಗೆ 340 ಮಿಲಿಆಂಪಿಯರ್ ಎಂದಾಯಿತು. 230 ವೋಲ್ಟ್‌ನಲ್ಲಿ ಅದರ ಮೂಲ ಅಲೆಯೇ ಸುಮಾರು 435 ಮಿಲಿಆಂಪಿಯರ್. ಹಾಗಾಗಿ ಮೂರನೆಯದು ಮೂಲದ ಶೇಕಡಾ 78ನ್ನು ದಾಟಿದರೆ ಟಿವಿ ನಪಾಸು. ಮೇಲೆ ಹೇಳಿದ ಮೊಳೆ ಈ ಗೆರೆಯನ್ನು ದಾಟುತ್ತದೆ. ಅದಕ್ಕಾಗಿಯೇ ಕರೆಂಟನ್ನು ಮತ್ತೆ ಅಲೆಯ ಆಕಾರಕ್ಕೆ ತಿದ್ದುವ ಪವರ್ ಫ್ಯಾಕ್ಟರ್ ಸರ್ಕ್ಯೂಟ್ ಪವರ್ ಸಪ್ಲೈಯೊಳಗೆ ಸೇರಿಕೊಂಡಿತು.

ಇಷ್ಟನ್ನು ಗೋಡೆಯ ಸಾಕೆಟ್‌ನಲ್ಲಿಯೇ ಏಕೆ ಅಳೆಯಬಾರದು? ಊರಿನ ಸಾವಿರಾರು ಪವರ್ ಸಪ್ಲೈಗಳು ಅಲೆಯ ನೆತ್ತಿಯಲ್ಲಿಯೇ ಕುಡಿಯುವುದರಿಂದ ಆ ನೆತ್ತಿ ಆಗಲೇ ಚಪ್ಪಟೆಯಾಗಿರುತ್ತದೆ. ಚಪ್ಪಟೆ ನೆತ್ತಿಯ ಮೇಲೆ ನಮ್ಮ ಟಿವಿಯ ಮೊಳೆ ಅಗಲವಾಗಿ ಹರಡಿ, ಅದರ ಹಾರ್ಮೋನಿಕ್‌ಗಳು ಇರುವುದಕ್ಕಿಂತ ಕಡಿಮೆ ಕಾಣುತ್ತವೆ. ಬೇರೆಯವರ ತಪ್ಪು ಇದರ ತಪ್ಪನ್ನು ಮುಚ್ಚಿಡುತ್ತದೆ. ಆದ್ದರಿಂದ ಪರೀಕ್ಷೆಗೆ ಬಳಸುವ ವಿದ್ಯುತ್ ಮೂಲದ ವೋಲ್ಟೇಜ್‌ನಲ್ಲಿ ಮೂರನೆಯ ಹಾರ್ಮೋನಿಕ್ ಶೇಕಡಾ 0.9ನ್ನು ಮೀರಬಾರದು, ಅಲೆಯ ಶಿಖರ ಅದರ ಆರ್‌ಎಂಎಸ್ ಬೆಲೆಯ (230 ವೋಲ್ಟ್ ಎಂದು ಹೇಳುವಾಗ ನಾವು ಬಳಸುವ ಒಂದು ಬಗೆಯ ಸರಾಸರಿಯ) 1.40ರಿಂದ 1.42 ಪಟ್ಟಿನೊಳಗೆ ಇರಬೇಕು. ಈ ಕಟ್ಟುನಿಟ್ಟನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಫ್ಲಿಕರ್‌ಗೆ ಬಂದರೆ ಎಲ್ಲವೂ ತಿರುವುಮುರುವು. ಇಲ್ಲಿ ಅಳೆಯಬೇಕಾದದ್ದು ವೋಲ್ಟೇಜ್‌ನ ಕುಸಿತವನ್ನು. ರೋಧವಿಲ್ಲದ ತಂತಿಯಲ್ಲಿ ಕುಸಿತವೇ ಹುಟ್ಟುವುದಿಲ್ಲ. ಆದ್ದರಿಂದ ಮನೆಗೆ ಬರುವ ಉದ್ದನೆಯ ತಂತಿಯನ್ನು ಅನುಕರಿಸಲು ನಡುವೆ 0.4 ಓಮ್ ರೋಧವನ್ನೂ ಕರೆಂಟ್‌ನ ಏರಿಳಿತಕ್ಕೆ ತಂತಿ ಒಡ್ಡುವ ತಡೆಯಾದ ಇಂಡಕ್ಟಿವ್ ರಿಯಾಕ್ಟೆನ್ಸನ್ನು 0.25 ಓಮ್‌ನಷ್ಟೂ ಸೇರಿಸುತ್ತಾರೆ. ಬೆಳಕಿನ ಮಿನುಗು ಮನುಷ್ಯನ ಕಣ್ಣಿಗೆ ಅತಿ ಹೆಚ್ಚು ನಾಟುವುದು ಸೆಕೆಂಡಿಗೆ ಸುಮಾರು 8.8 ಬಾರಿ ಆದಾಗ. ಆ ವೇಗದಲ್ಲಿ ವೋಲ್ಟೇಜ್ ಶೇಕಡಾ 0.25ರಷ್ಟು ಅಲುಗಿದರೂ ಕಣ್ಣು ಗುರುತಿಸಬಲ್ಲದು. ಫ್ಲಿಕರ್ ಮೀಟರ್‌ನ ಒಳಗೆ 60 ವ್ಯಾಟ್‌ನ ತಂತುದೀಪ, ಅದನ್ನು ನೋಡುವ ಕಣ್ಣು, ಕಣ್ಣಿನ ಹಿಂದಿನ ಮಿದುಳು, ಇವಿಷ್ಟೂ ಗಣಿತದ ರೂಪದಲ್ಲಿವೆ. ಮನೆಗಳಲ್ಲಿ ತಂತುದೀಪ ಅಪರೂಪವಾದ ಮೇಲೂ ಈ ಅಳತೆಗೋಲು ಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎಂಬುದು ನನ್ನ ಅಭಿಪ್ರಾಯ. ಎಲ್‌ಇಡಿ ದೀಪಗಳು ಒಳಗಿನ ಡ್ರೈವರ್ ಸರ್ಕ್ಯೂಟ್‌ಗೆ ತಕ್ಕಂತೆ ಒಂದೊಂದು ರೀತಿ ವರ್ತಿಸುತ್ತವೆ, ಅಳತೆಗೋಲು ಹಾಗೆ ಬದಲಾಗಬಾರದು.

2000 ವ್ಯಾಟ್‌ನ ಒಂದು ವಿದ್ಯುತ್ ಒಲೆಯನ್ನು ಈ ಸೊರಗಿದ ತಂತಿಗೆ ಜೋಡಿಸೋಣ. ಅದು 8.7 ಆಂಪಿಯರ್ ಎಳೆಯುತ್ತದೆ, ತಂತಿಯಲ್ಲಿ ಸುಮಾರು 3.5 ವೋಲ್ಟ್ ಕುಸಿಯುತ್ತದೆ, ಅಂದರೆ ಶೇಕಡಾ 1.5. ಒಮ್ಮೆ ಹಚ್ಚಿ ಬಿಟ್ಟರೆ ತೊಂದರೆಯಿಲ್ಲ, ಶೇಕಡಾ 3.3ರವರೆಗಿನ ಸ್ಥಿರ ಕುಸಿತಕ್ಕೆ ಅನುಮತಿಯಿದೆ. ಆದರೆ ಉರಿಯನ್ನು ಹದಗೊಳಿಸಲು ಒಲೆ ಹತ್ತು ಸೆಕೆಂಡಿಗೊಮ್ಮೆ ಆನ್ ಆಗಿ ಆಫ್ ಆಗುತ್ತಿದ್ದರೆ ನಿಮಿಷಕ್ಕೆ 12 ಬದಲಾವಣೆಗಳಾಗುತ್ತವೆ. ಫ್ಲಿಕರ್ ಮೀಟರ್ ಹತ್ತು ನಿಮಿಷ ಅಳೆದು ಕೊಡುವ ಫ್ಲಿಕರ್ ಸೂಚ್ಯಂಕ 1ನ್ನು ಮೀರಬಾರದು. ಶೇಕಡಾ 1.5ರ ಬದಲಾವಣೆ ನಿಮಿಷಕ್ಕೆ ಸುಮಾರು ಏಳು ಬಾರಿ ಆದಾಗಲೇ ಆ ಮಿತಿ ಮುಟ್ಟಿರುತ್ತದೆ. ಒಲೆ ನಪಾಸು.

ವಿನ್ಯಾಸಕಾರ ಇದಕ್ಕೆ ಮಾಡುವ ಉಪಾಯ ಬಹಳ ಚೆಂದ. 2000 ವ್ಯಾಟ್‌ನ ಒಂದು ಸುರುಳಿಯ ಬದಲು 1000 ವ್ಯಾಟ್‌ನ ಎರಡು ಸುರುಳಿಗಳನ್ನಿಟ್ಟು, ಒಂದು ಸಲಕ್ಕೆ ಒಂದನ್ನು ಮಾತ್ರ ಆನ್ ಅಥವಾ ಆಫ್ ಮಾಡುತ್ತಾನೆ. ಕುಸಿತದ ಮೆಟ್ಟಿಲು ಅರ್ಧಕ್ಕಿಳಿದು ಶೇಕಡಾ 0.75 ಆಗುತ್ತದೆ. ಆಗ ಅನುಮತಿ ಎರಡು ಪಟ್ಟಾಗುವುದಿಲ್ಲ, ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಅಷ್ಟು ಚಿಕ್ಕ ಮೆಟ್ಟಿಲು ನಿಮಿಷಕ್ಕೆ ಸುಮಾರು ನೂರು ಬಾರಿ ಬಂದರೂ ಸೂಚ್ಯಂಕ 1ರ ಆಸುಪಾಸಿನಲ್ಲಿರುತ್ತದೆ. ಅದೇ ಉರಿ, ಅದೇ ತಂತಿ, ಹತ್ತು ಸೆಕೆಂಡಿನ ಅದೇ ಲಯ. ಆದರೆ ಈ ಬಾರಿ ಪಕ್ಕದ ಮನೆಯ ದೀಪದ ಕೆಳಗೆ ಓದುತ್ತಿರುವವರು ಪುಸ್ತಕದಿಂದ ತಲೆ ಎತ್ತುವುದಿಲ್ಲ.